ಹಳೆಯ ಗಣಕಕ್ಕೆ ಹೊಸ ನೀರುಗಂಟಿ



ನಿಮ್ಮಲ್ಲಿ ಹಲವರ ಮನೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇರಬಹುದು. ಅಣ್ಣನೋ ದೊಡ್ಡಪ್ಪನ ಮಗನೋ ಬಳಸಿ ಬಿಟ್ಟದ್ದು; ಗುಂಡಿ ಒತ್ತಿ ಕಾಫಿ ಕುಡಿದು ಬಂದರೂ ಪೂರ್ತಿ ಎಚ್ಚರವಾಗದೇ ಇರುವಂಥದ್ದು. ಅದು ವಿಂಡೋಸ್ 10ರಲ್ಲಿ ನಡೆಯುತ್ತಿದ್ದರೆ ಇನ್ನೊಂದು ಸುದ್ದಿಯೂ ನಿಮಗೆ ಮುಟ್ಟಿರಬೇಕು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ಆ ವ್ಯವಸ್ಥೆಗೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಮುಂದಿನ ವಿಂಡೋಸ್ 11 ಹಾಕೋಣವೆಂದರೆ ಅದು ಹೊಸ ಪ್ರೊಸೆಸರನ್ನೂ ಟಿಪಿಎಂ ಎಂಬ ಭದ್ರತಾ ಚಿಪ್ಪಿನ ಹೊಸ ಆವೃತ್ತಿಯನ್ನೂ ಕೇಳುತ್ತದೆ. ಹಾಗಾದರೆ ಈ ಗಣಕವನ್ನು ಗುಜರಿಗೆ ಹಾಕಬೇಕೆ?

ಈ ಪ್ರಶ್ನೆ ನನಗೆ ಎದುರಾದದ್ದು ಕಳೆದ ಸಂಕ್ರಾಂತಿಯಲ್ಲಿ, ಹಲಗೂರಿನ ನಮ್ಮಕ್ಕನ ಮನೆಯ ಜಗಲಿಯ ಮೇಲೆ. ಹಲಗೂರು ಮಳವಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರ. ಬೆಂಗಳೂರಿನಿಂದ ಕನಕಪುರ ದಾಟಿ ಮಳವಳ್ಳಿಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಊರು. ಅಕ್ಕನ ಮಗಳು ಬಿ.ಎಸ್ಸಿ. ಮೊದಲ ವರ್ಷದಲ್ಲಿ ಓದುತ್ತಿದ್ದಾಳೆ. ಲ್ಯಾಪ್‌ಟಾಪನ್ನು ತಂದು ನನ್ನ ಮುಂದಿಟ್ಟಳು.

‘ಮಾವ, ಅಂಗ್ಡಿಯೋರು ಇದು ಆಗೋಯ್ತು ಅಂತವ್ರೆ. ಹೊಸದು ತಕ್ಕೊಳ್ಳಿ ಅಂತಾರೆ.’

ಒಳಗಿನಿಂದ ಭಾವನ ದನಿ ಬಂತು: ‘ಕಬ್ಬಿನ ದುಡ್ಡು ಬರ್ಲಿ ತಡಿ ಮಗ, ಆಮೇಕೆ ನೋಡವ.’

ಕಬ್ಬಿನ ದುಡ್ಡು ಎಂದು ಬರುತ್ತದೆಂಬುದು ಮಂಡ್ಯ ಜಿಲ್ಲೆಯವರಿಗೆ ಗೊತ್ತು. ನಾನು ಲ್ಯಾಪ್‌ಟಾಪ್ ತಿರುಗಿಸಿ ನೋಡಿದೆ. ನಾಲ್ಕು ಜಿಬಿ ಸ್ಮೃತಿ, ಐನೂರು ಜಿಬಿಯ ತಿರುಗುವ ಹಾರ್ಡ್ ಡಿಸ್ಕ್, ಹತ್ತು ವರ್ಷದ ಹಿಂದಿನ ಪ್ರೊಸೆಸರ್. ಯಂತ್ರಾಂಶದಲ್ಲಿ ದೋಷವೇನೂ ಇರಲಿಲ್ಲ. ಬದಲಿಸಬೇಕಾದದ್ದು ಅದನ್ನು ನಡೆಸುವ ತಂತ್ರಾಂಶವನ್ನು ಮಾತ್ರ. ‘ಲಿನಕ್ಸ್ ಹಾಕೋಣವೇನಮ್ಮ?’ ಎಂದೆ. ಅವಳು ಆ ಹೆಸರು ಕೇಳಿದ್ದಳು. ಅದು ಕಪ್ಪು ಪರದೆಯ ಮೇಲೆ ಟೈಪು ಮಾಡುತ್ತ ಕೂರುವ ಇಂಜಿನಿಯರುಗಳದ್ದೆಂದು ತಿಳಿದಿದ್ದಳು.

ಮೊದಲು ಒಂದು ಮಾತು. ಆಪರೇಟಿಂಗ್ ಸಿಸ್ಟಂ, ಅಂದರೆ ಕಾರ್ಯನಿರ್ವಹಣಾ ತಂತ್ರಾಂಶ, ಏನು ಮಾಡುತ್ತದೆ? ಅವಳಿಗೆ ನಾನು ನೀರುಗಂಟಿಯನ್ನು ನೆನಪಿಸಿದೆ. ಕೆರೆಯ ನೀರು ಇರುವುದು ಇಷ್ಟೇ, ಗದ್ದೆಗಳು ನೂರಾರು. ಯಾರ ಗದ್ದೆಗೆ ಯಾವಾಗ, ಎಷ್ಟು ಹೊತ್ತು ತೂಬು ತೆಗೆಯಬೇಕೆಂದು ನೋಡಿಕೊಳ್ಳುವವನು ನೀರುಗಂಟಿ. ಅವನಿಲ್ಲದಿದ್ದರೆ ಮೇಲಿನ ಗದ್ದೆಯವರೇ ನೀರನ್ನೆಲ್ಲ ಕಟ್ಟಿಕೊಳ್ಳುತ್ತಾರೆ, ಕೊನೆಯ ಗದ್ದೆ ಒಣಗುತ್ತದೆ. ಗಣಕದಲ್ಲಿ ಪ್ರೊಸೆಸರಿನ ಕಾಲ, ಸ್ಮೃತಿಯ ಜಾಗ, ಡಿಸ್ಕು ಇವೇ ಆ ನೀರು. ನೀವು ತೆರೆದ ಬ್ರೌಸರು, ಹಾಡು, ಟಿಪ್ಪಣಿ ಇವೇ ಗದ್ದೆಗಳು. ಸೆಕೆಂಡಿನ ಸಾವಿರದ ಕೆಲವೇ ಭಾಗದಷ್ಟು ಹೊತ್ತು ಒಂದಕ್ಕೆ, ಮತ್ತಷ್ಟು ಇನ್ನೊಂದಕ್ಕೆ ಎಂದು ಸರದಿ ಹಾಕುವುದು ಕಾರ್ಯನಿರ್ವಹಣಾ ತಂತ್ರಾಂಶದ ತಿರುಳು. ಅದನ್ನು ಕರ್ನೆಲ್ ಎನ್ನುತ್ತಾರೆ. ಸರದಿ ಬಲು ಬೇಗ ತಿರುಗುವುದರಿಂದ ಎಲ್ಲವೂ ಒಟ್ಟಿಗೇ ನಡೆಯುತ್ತಿವೆ ಎಂದು ನಮಗೆ ಅನಿಸುತ್ತದೆ.

ಲಿನಕ್ಸ್ ಎಂಬುದು ಇಂಥ ಒಂದು ಕರ್ನೆಲ್. ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ 1991ರ ಆಗಸ್ಟ್ 25ರಂದು ತಾನೊಂದು ಕಾರ್ಯನಿರ್ವಹಣಾ ತಂತ್ರಾಂಶ ಬರೆಯುತ್ತಿದ್ದೇನೆಂದು ಪ್ರಕಟಿಸಿದರು. ಆಗ ಅವರಿಗೆ 21 ವರ್ಷ. ಬರೀ ಹವ್ಯಾಸಕ್ಕಾಗಿ ಮಾಡುತ್ತಿರುವುದು, ದೊಡ್ಡದೇನೂ ಆಗಲಾರದು ಎಂಬುದು ಅವರದೇ ಅಂದಾಜು. ಆದರೆ ಅದಕ್ಕೂ ಮೊದಲೇ, 1983ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಗ್ನು ಎಂಬ ಯೋಜನೆ ಆರಂಭಿಸಿದ್ದರು. ಬಳಸುವ, ಒಳಗೆ ಏನಿದೆಯೆಂದು ಓದುವ, ತಿದ್ದುವ, ಇತರರಿಗೆ ಹಂಚುವ ಸ್ವಾತಂತ್ರ್ಯ ಎಲ್ಲರಿಗೂ ಇರಬೇಕೆಂಬುದು ಅವರ ಹಟ. 1992ರಲ್ಲಿ ಟೋರ್ವಾಲ್ಡ್ಸ್ ತಮ್ಮ ಕರ್ನೆಲನ್ನು ಅದೇ ಪರವಾನಗಿಯಡಿ ಬಿಟ್ಟುಕೊಟ್ಟರು. ಗ್ನು ಉಪಕರಣಗಳು ಮತ್ತು ಲಿನಕ್ಸ್ ಕರ್ನೆಲ್ ಎರಡೂ ಸೇರಿ ಬಳಸಬಹುದಾದ ವ್ಯವಸ್ಥೆಯಾಯಿತು. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ. ಜಗತ್ತಿನ ಅತಿ ವೇಗದ 500 ಮಹಾಗಣಕಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದೀಚೆಗೆ ಬೇರೆ ವ್ಯವಸ್ಥೆಗೆ ಜಾಗವೇ ಇಲ್ಲದಂತಾಗಿದೆ. ಹೀಗಾಗಿ ‘ನಾನು ಲಿನಕ್ಸ್ ಮುಟ್ಟಿಲ್ಲ’ ಎನ್ನುವವರು ದಿನವೂ ಅದನ್ನೇ ಮುಟ್ಟುತ್ತಿರುತ್ತಾರೆ.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ದೂರದರ್ಶನದ ಭಾಷಣದಲ್ಲಿ ಸಮಯ ಸಾಲದೆ ಇದನ್ನು ಬಿಟ್ಟಿದ್ದೆ.

2001ರಲ್ಲಿ ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಆ ಕಾಲದಲ್ಲಿ ಪಿಸಿಕ್ವೆಸ್ಟ್‌ನಂಥ ಗಣಕ ಪತ್ರಿಕೆಗಳ ಜೊತೆ ಲಿನಕ್ಸಿನ ಸಿ.ಡಿ. ಬರುತ್ತಿತ್ತು. ಅಂಥದೊಂದನ್ನು ಗೆಳೆಯನಿಂದ ಎರವಲು ಪಡೆದು ಊರಿಗೆ ತಂದೆ. ಮನೆಯಲ್ಲಿ ಗಣಕವೆಲ್ಲಿಯದು? ನಮ್ಮ ಕಡೆಯವರೊಬ್ಬರು ಡಿಟಿಪಿ ಅಂಗಡಿ ಇಟ್ಟಿದ್ದರು. ಲಗ್ನಪತ್ರಿಕೆ, ಗೃಹಪ್ರವೇಶದ ಆಹ್ವಾನ, ಕರಪತ್ರ ಮಾಡಿಕೊಡುತ್ತಿದ್ದರು. ರಾತ್ರಿ ಬಾಗಿಲು ಹಾಕಿದ ಮೇಲೆ ‘ನೋಡ್ಕೊ, ಏನೂ ಕೆಡಿಸ್ಬೇಡ’ ಎಂದು ಬೀಗದ ಕೈ ಕೊಟ್ಟು ಹೋದರು. ಸಿ.ಡಿ. ಹಾಕಿದೆ. ಅನುಸ್ಥಾಪನೆಯ ನಡುವೆ ಡಿಸ್ಕನ್ನು ವಿಭಾಗಿಸುವ ಪರದೆ ಬಂತು. ಅಲ್ಲಿದ್ದ ಇಂಗ್ಲಿಷು ನನಗೆ ಅರ್ಥವಾಗಲಿಲ್ಲ. ಅರ್ಥವಾಗದಿದ್ದಾಗ ನಿಲ್ಲಿಸಬೇಕಿತ್ತು, ನಾನು ‘ಮುಂದೆ’ ಎಂದು ಒತ್ತಿದೆ. ಬೆಳಗಿನ ಜಾವಕ್ಕೆ ಲಿನಕ್ಸ್ ಬಂದು ಕೂತಿತ್ತು. ಅಂಗಡಿಯ ಕಡತಗಳು ಒಂದೂ ಇರಲಿಲ್ಲ.

ಅದು ಮದುವೆಯ ಕಾಲ. ಏಳು ಲಗ್ನಪತ್ರಿಕೆಗಳು ಅಚ್ಚಿಗೆ ಹೋಗಬೇಕಿತ್ತು. ಅವರು ನನಗೆ ಹೊಡೆಯಲಿಲ್ಲ, ಬೈಯಲೂ ಇಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಸುಮ್ಮನೆ ಕೂತುಬಿಟ್ಟರು. ಅದು ಈಗಲೂ ಕಣ್ಣಿಗೆ ಕಟ್ಟಿದೆ. ಮೂರು ರಾತ್ರಿ ಅಲ್ಲೇ ಕೂತು, ಕೈಬರಹದ ಪ್ರತಿ ನೋಡಿಕೊಂಡು, ಏಳನ್ನೂ ಮತ್ತೆ ಟೈಪು ಮಾಡಿಕೊಟ್ಟೆ. ‘ಸುಖಾಗಮನ ಬಯಸುವವರು’ ಎಂಬ ಸಾಲನ್ನು ಇವತ್ತಿಗೂ ಕಣ್ಣುಮುಚ್ಚಿ ಟೈಪು ಮಾಡಬಲ್ಲೆ.

ಆದ್ದರಿಂದ ಹಲಗೂರಿನಲ್ಲಿ ಮೊದಲು ಮಾಡಿದ ಕೆಲಸ ಪ್ರತಿ ತೆಗೆಯುವುದು. ಅಕ್ಕನ ಮಗಳ ಟಿಪ್ಪಣಿಗಳಿದ್ದವು. ಅದಕ್ಕಿಂತ ಮುಖ್ಯವಾಗಿ, ತೀರಿಕೊಂಡ ನಮ್ಮ ಅವ್ವನ ಕೊನೆಯ ಗೌರಿಹಬ್ಬದ ಫೋಟೋಗಳೆಲ್ಲ ಅದರಲ್ಲೇ ಇದ್ದವು, ಬೇರೆಲ್ಲೂ ಇರಲಿಲ್ಲ. ಅವನ್ನು ಒಂದು ಹೊರ ಡಿಸ್ಕಿಗೂ ನನ್ನ ಲ್ಯಾಪ್‌ಟಾಪಿಗೂ ಹಾಕಿ, ಅಲ್ಲಿ ತೆರೆದು ನೋಡಿದೆವು. ತೆರೆದು ನೋಡದ ಪ್ರತಿ ಪ್ರತಿಯಲ್ಲ. ನಕಲು ಮಾಡುವಾಗ ಅರ್ಧಕ್ಕೆ ನಿಂತ ಕಡತದ ಹೆಸರು ಮಾತ್ರ ಕಾಣಿಸುತ್ತದೆ, ಒಳಗೆ ಏನೂ ಇರುವುದಿಲ್ಲ.

ಲಿನಕ್ಸ್ ಒಂದೇ ಬಗೆಯದಲ್ಲ. ಅದೇ ಕರ್ನೆಲನ್ನು ಬೇರೆ ಬೇರೆ ತಂಡದವರು ಬೇರೆ ಬೇರೆ ತಂತ್ರಾಂಶಗಳ ಜೊತೆ ಕಟ್ಟಿ ಹಂಚುತ್ತಾರೆ. ಇವನ್ನು ವಿತರಣೆಗಳೆನ್ನುತ್ತಾರೆ. 1993ರಲ್ಲಿ ಶುರುವಾದ ಡೆಬಿಯನ್, ಅದರ ಮೇಲೆ ನಿಂತು 2004ರಲ್ಲಿ ಬಂದ ಉಬುಂಟು, ಉಬುಂಟುವಿನ ಮೇಲೆ ನಿಂತ ಮಿಂಟ್, ಫೆಡೋರಾ, ಹೀಗೆ ನೂರಾರು ಇವೆ. ಹೊಸಬರು ಇಲ್ಲೇ ಸಿಕ್ಕಿಕೊಳ್ಳುತ್ತಾರೆ. ಯಾವುದು ಶ್ರೇಷ್ಠ ಎಂಬ ಚರ್ಚೆಯಲ್ಲಿ ತಿಂಗಳು ಕಳೆಯುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಹಳೆಯ ಗಣಕಕ್ಕೆ ಮಿಂಟ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಬಗೆ ಸಾಕು. ಎರಡು ಜಿಬಿ ಸ್ಮೃತಿಯಿದ್ದರೂ ನಡೆಯುತ್ತದೆ, ನಾಲ್ಕಿದ್ದರೆ ಆರಾಮ. ನಿಮ್ಮ ಕಾಲೇಜಿನಲ್ಲಿ ಉಬುಂಟು ಇದ್ದರೆ ಅದನ್ನೇ ಹಾಕಿಕೊಳ್ಳಿ. ಸಿಕ್ಕಿಕೊಂಡಾಗ ಪಕ್ಕದಲ್ಲಿ ಕೇಳಲು ಒಬ್ಬರಿರುವುದು ಎಲ್ಲ ಗುಣಗಳಿಗಿಂತ ದೊಡ್ಡದು. ತೀರಾ ಹಳೆಯ, 32 ಬಿಟ್ಟಿನ ಪ್ರೊಸೆಸರ್ ಇದ್ದರೆ ಮಾತ್ರ ಕಷ್ಟ. ದೊಡ್ಡ ವಿತರಣೆಗಳು ಒಂದೊಂದಾಗಿ ಅವನ್ನು ಕೈಬಿಟ್ಟಿವೆ.

ಇಳಿಸಿಕೊಳ್ಳಬೇಕಾದ ಕಡತ ಸುಮಾರು ಮೂರು ಜಿಬಿ. ಫೋನಿನಲ್ಲಿ ದಿನಕ್ಕೆ ಒಂದೂವರೆ ಜಿಬಿ ಸಿಗುವವರು ಕಾಲೇಜಿನಲ್ಲೋ ನೆಂಟರ ಮನೆಯಲ್ಲೋ ಇಳಿಸಿಕೊಳ್ಳಬೇಕಾಗುತ್ತದೆ. ಅಥವಾ ನಿಲ್ಲಿಸಿದಲ್ಲಿಂದ ಮುಂದುವರಿಯುವ ಟೊರೆಂಟ್ ವಿಧಾನ ಬಳಸಬೇಕು. ಬಂದ ಕಡತ ಸರಿಯಾಗಿದೆಯೇ ಎಂದು ನೋಡಲು ಒಂದು ಸೊಗಸಾದ ಉಪಾಯವಿದೆ. ಕಡತದ ಅಷ್ಟೂ ಬಿಟ್ಟುಗಳನ್ನು ಒಂದು ಗಣಿತ ಸೂತ್ರದಲ್ಲಿ ಹಾಯಿಸಿದರೆ 64 ಅಕ್ಷರಾಂಕಿಗಳ ಒಂದು ಸಾಲು ಸಿಗುತ್ತದೆ. ಮೂರು ಜಿಬಿಯಲ್ಲಿ ಒಂದೇ ಒಂದು ಬಿಟ್ಟು ಬದಲಾದರೂ ಈ ಸಾಲು ಗುರುತೇ ಸಿಗದಂತೆ ಬದಲಾಗುತ್ತದೆ. ವಿತರಣೆಯವರು ತಮ್ಮ ಸಾಲನ್ನು ಪ್ರಕಟಿಸಿರುತ್ತಾರೆ; ನಿಮ್ಮದನ್ನು ಅದರ ಜೊತೆ ಹೋಲಿಸಿ. ಇದರ ಹೆಸರು ಶಾ-256. ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ತಪ್ಪಿಸಬಾರದು.

ಆ ಕಡತವನ್ನು ಪೆನ್ ಡ್ರೈವಿಗೆ ಸುಮ್ಮನೆ ನಕಲು ಮಾಡಿದರೆ ಆಗದು. ರೂಫಸ್‌ನಂಥ ಒಂದು ಸಣ್ಣ ತಂತ್ರಾಂಶದಿಂದ ಬರೆಯಬೇಕು. ಆಗ ಪೆನ್ ಡ್ರೈವಿನಲ್ಲಿ ಮೊದಲಿದ್ದದ್ದು ಅಳಿಸಿಹೋಗುತ್ತದೆ. ಎಂಟು ಜಿಬಿಯದು ಸಾಕು. ನಂತರ ಗಣಕ ಏಳುವಾಗ ಎಫ್12, ಎಫ್2 ಅಥವಾ ಎಸ್ಕೇಪ್ ಕೀಲಿಯನ್ನು ಒತ್ತಿ ಹಾರ್ಡ್ ಡಿಸ್ಕಿನ ಬದಲು ಪೆನ್ ಡ್ರೈವಿನಿಂದ ಏಳುವಂತೆ ಹೇಳಬೇಕು. ಯಾವ ಕೀಲಿ ಎಂಬುದು ತಯಾರಕರ ಮೇಲೆ ಹೋಗುತ್ತದೆ. ನಮಗೆ ನಾಲ್ಕನೆಯ ಸಲಕ್ಕೆ ಸಿಕ್ಕಿತು.

ಇನ್ನು ಹೊಸಬರಿಗೆ ನಾನು ಒತ್ತಿ ಹೇಳುವುದು ಇದನ್ನೇ. ಪೆನ್ ಡ್ರೈವಿನಿಂದ ಎದ್ದ ಲಿನಕ್ಸ್ ಪೆನ್ ಡ್ರೈವನ್ನೂ ಸ್ಮೃತಿಯನ್ನೂ ಬಳಸಿಕೊಂಡೇ ನಡೆಯುತ್ತದೆ. ಇದಕ್ಕೆ ಲೈವ್ ಎನ್ನುತ್ತಾರೆ. ನೀವಾಗಿ ಡಿಸ್ಕನ್ನು ತೆರೆದು ಏನಾದರೂ ಮಾಡುವವರೆಗೆ ಅಲ್ಲಿ ಏನೂ ಬದಲಾಗುವುದಿಲ್ಲ. ನಾವು ಹೀಗೆ ನೋಡುತ್ತಿದ್ದಾಗ ಕರೆಂಟು ಹೋಯಿತು. ಆ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿತ್ತು. ಪರದೆ ಫಕ್ಕನೆ ಆರಿತು. ಹುಡುಗಿಯ ಮುಖ ಬಿಳುಚಿಕೊಂಡಿತು. ‘ಅಜ್ಜಿ ಫೋಟೋ?’ ಎಂದಳು. ಅರ್ಧ ಗಂಟೆಗೆ ಕರೆಂಟು ಬಂತು. ಪೆನ್ ಡ್ರೈವ್ ತೆಗೆದು ಗುಂಡಿ ಒತ್ತಿದೆವು. ಹಳೆಯ ವಿಂಡೋಸ್ ಎಂದಿನಂತೆ ಆಕಳಿಸುತ್ತ ಎದ್ದಿತು. ಎಲ್ಲವೂ ಇದ್ದಲ್ಲೇ ಇತ್ತು. ಲೈವ್ ಎಂದರೇನೆಂದು ಆಮೇಲೆ ನಾನು ವಿವರಿಸಬೇಕಾಗಲಿಲ್ಲ.

ಒಂದೆರಡು ದಿನ ಲೈವ್ ಆಗಿಯೇ ಬಳಸಿ. ವೈ-ಫೈ ಸಿಗುತ್ತದೆಯೇ, ಧ್ವನಿ ಬರುತ್ತದೆಯೇ, ಕ್ಯಾಮೆರಾ ನಡೆಯುತ್ತದೆಯೇ ಎಂದು ನೋಡಿ. ಕೆಲವು ಹಳೆಯ ವೈ-ಫೈ ಚಿಪ್ಪುಗಳು ತಾವಾಗಿ ಮಾತಾಡುವುದಿಲ್ಲ. ನಮ್ಮದೂ ಹಾಗೇ ಆಯಿತು. ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ, ಅದರ ಅಂತರ್ಜಾಲವನ್ನು ಗಣಕಕ್ಕೆ ಕೊಟ್ಟು, ಬೇಕಾದ ಚಾಲಕ ತಂತ್ರಾಂಶವನ್ನು ಇಳಿಸಿಕೊಂಡೆವು. ಈ ಉಪಾಯ ನೆನಪಿಟ್ಟುಕೊಳ್ಳಿ, ಒಂದಲ್ಲ ಒಂದು ದಿನ ಬೇಕಾಗುತ್ತದೆ.

ಎಲ್ಲ ಸರಿಯೆನಿಸಿದ ಮೇಲೆ ಅನುಸ್ಥಾಪನೆ. ಇಲ್ಲಿ ಬರುವ ಎರಡು ಆಯ್ಕೆಗಳ ಮುಂದೆ ಕೈ ನಿಲ್ಲಬೇಕು. ಒಂದು, ಇರುವ ವಿಂಡೋಸ್ ಪಕ್ಕದಲ್ಲೇ ಜಾಗ ಮಾಡಿಕೊಂಡು ಕೂರುವುದು. ಇನ್ನೊಂದು, ಡಿಸ್ಕನ್ನೇ ಒರೆಸಿ ಕೂರುವುದು. ನಾನು 2001ರಲ್ಲಿ ಒತ್ತಿದ್ದು ಎರಡನೆಯದನ್ನು. ಈಗಲೂ ಒತ್ತಿದ್ದು ಎರಡನೆಯದನ್ನೇ, ಆದರೆ ಪ್ರತಿಗಳು ಎರಡು ಕಡೆ ಇದ್ದವು, ಹುಡುಗಿಯನ್ನು ಕೇಳಿ ಅವಳ ಕೈಯಲ್ಲೇ ಒತ್ತಿಸಿದೆ. ನಿಮ್ಮ ವಿಂಡೋಸ್ ಡಿಸ್ಕು ಬಿಟ್‌ಲಾಕರ್ ಎಂಬ ಬೀಗದಲ್ಲಿದ್ದರೆ, ಪಕ್ಕದಲ್ಲಿ ಕೂರಿಸುವ ಮೊದಲು ಅದರ ಮರುಪ್ರಾಪ್ತಿ ಕೀಲಿಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಅನುಸ್ಥಾಪನೆಗೆ ಅರ್ಧ ಗಂಟೆಯಾದರೂ ಬೇಕು. ಈ ಹೊತ್ತಿನಲ್ಲಿ ಕರೆಂಟು ಹೋದರೆ ನಿಜವಾಗಿಯೂ ತೊಂದರೆ. ನಾವು ಪಕ್ಕದ ಮನೆಯ ಇನ್ವರ್ಟರಿನಿಂದ ತಂತಿ ಎಳೆದುಕೊಂಡೆವು.

ಈಗ ಕನ್ನಡದ ವಿಷಯ. ಇದಕ್ಕೆ ನಾನು ಹೆಚ್ಚು ಜಾಗ ಕೊಡುತ್ತೇನೆ. 2001ರ ಆ ರಾತ್ರಿ, ಅಂಗಡಿಯ ಗಣಕದಲ್ಲಿ ಲಿನಕ್ಸ್ ಬಂದ ಮೇಲೆ, ಕನ್ನಡದ ಒಂದಕ್ಷರವನ್ನೂ ಮೂಡಿಸಲು ನನಗೆ ಆಗಲಿಲ್ಲ. ಯುನಿಕೋಡ್ ಎಂಬ ವಿಶ್ವ ಲಿಪಿಸಂಕೇತದಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲೇ, ಲಿನಕ್ಸ್ ಹುಟ್ಟಿದ ವರ್ಷವೇ. ಆದರೆ ಸಂಕೇತ ಇದ್ದ ಮಾತ್ರಕ್ಕೆ ಒತ್ತಕ್ಷರ ತನ್ನ ಜಾಗದಲ್ಲಿ ಕೂರುವುದಿಲ್ಲ. ಅದಕ್ಕೆ ಅಕ್ಷರಶೈಲಿ ಬೇಕು, ಜೋಡಿಸುವ ತಂತ್ರಾಂಶ ಬೇಕು. ಅವನ್ನೆಲ್ಲ ಬಹಳ ಜನ ಬಿಡುವಿನ ವೇಳೆಯಲ್ಲಿ ಕೂತು ಮಾಡಿದ್ದಾರೆ. ಈಗ ಡೆಬಿಯನ್ ಅನುಸ್ಥಾಪಿಸುವಾಗ ಮೊದಲ ಪರದೆಯ ಭಾಷೆಗಳ ಪಟ್ಟಿಯಲ್ಲೇ ಕನ್ನಡವಿದೆ. ಗುಬ್ಬಿ, ನವಿಲು ಎಂಬ ಮುದ್ದಾದ ಹೆಸರಿನ ಮುಕ್ತ ಅಕ್ಷರಶೈಲಿಗಳು ಅದರ ಭಂಡಾರದಲ್ಲಿವೆ.

ಕೀಲಿಮಣೆಯ ವಿನ್ಯಾಸಗಳ ಪಟ್ಟಿ ತೆರೆದು ಕನ್ನಡವನ್ನು ಹುಡುಕಿದರೆ ಕಗಪ ಎಂಬ ಹೆಸರು ಸಿಗುತ್ತದೆ. ಅದು ಕನ್ನಡ ಗಣಕ ಪರಿಷತ್ತು. ಮೂಲ ವಿನ್ಯಾಸ ಕೆ. ಪಿ. ರಾವ್ ಅವರದು, ನುಡಿ ತಂತ್ರಾಂಶದಲ್ಲಿ ನೀವು ಬಳಸುವುದೂ ಅದೇ. ಜಗತ್ತಿನ ಯಾವ ಮೂಲೆಯಲ್ಲಿ ಕೂತು ಲಿನಕ್ಸ್ ಹಾಕಿದರೂ ಸಾಮಾನ್ಯವಾಗಿ ಈ ಹೆಸರು ಪಟ್ಟಿಯಲ್ಲಿರುತ್ತದೆ. ಅಕ್ಕನ ಮಗಳಿಗೆ ಎಚ್, ಎಲ್, ಜಿ, ಶಿಫ್ಟ್ ಹಿಡಿದು ಯು, ಆರ್, ಮತ್ತೆ ಬರಿಯ ಯು ಎಂದೆ. ಆರು ಕೀಲಿಗೆ ‘ಹಲಗೂರು’ ಮೂಡಿತು. ಒತ್ತಕ್ಷರಕ್ಕೆ ನಡುವೆ ಎಫ್ ಒತ್ತಬೇಕು. ‘ಮಳವಳ್ಳಿ’ಯನ್ನು ಅವಳೇ ಕಂಡುಹಿಡಿದಳು.

ನಂತರ ಅವಳು ಹಳೆಯ ಒಂದು ಕಡತ ತೆರೆದು ‘ಮಾವ, ಇದೇನಿದು ಕೆಟ್ಟೋಗದೆ!’ ಎಂದಳು. ಪಿಯುಸಿಯಲ್ಲಿ ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಬರೆದಿದ್ದ ಪ್ರಬಂಧ; ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತಿತ್ತು. ಕೆಟ್ಟಿರಲಿಲ್ಲ. ಹಿಂದೆ ಇಂಗ್ಲಿಷ್ ಅಕ್ಷರದ ಮನೆಗಳಲ್ಲೇ ಕನ್ನಡದ ಚೂರುಗಳನ್ನು ಬಾಡಿಗೆಗೆ ಕೂರಿಸಿದ್ದರು. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಮನೆಯ ಮಾಲೀಕರೇ ಬಾಗಿಲು ತೆರೆಯುತ್ತಾರೆ. ಇಂಥವನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ, ಉಚಿತವಾಗಿ ಸಿಗುತ್ತವೆ. ನಿಮ್ಮಲ್ಲಿ ಹಳೆಯ ಕಡತಗಳಿದ್ದರೆ, ಲಿನಕ್ಸ್ ಹಾಕಿ ಹಾಕದಿರಿ, ಈ ಕೆಲಸ ಮಾತ್ರ ಈಗಲೇ ಮಾಡಿಟ್ಟುಕೊಳ್ಳಿ.

ಹೊಸ ವ್ಯವಸ್ಥೆಯಲ್ಲಿ ಮೊದಲ ವಾರ ಕೈ ತಪ್ಪುವುದು ಸಹಜ. ವಿಂಡೋಸಿಗೆಂದು ಮಾಡಿದ ಎಕ್ಸಿ ಕಡತವನ್ನು ಕ್ಲಿಕ್ಕಿಸಿದರೆ ಏನೂ ಆಗುವುದಿಲ್ಲ. ತಂತ್ರಾಂಶಗಳನ್ನು ಅಲ್ಲಿ ಇಲ್ಲಿ ಹುಡುಕುವ ಪದ್ಧತಿಯೇ ಇಲ್ಲಿಲ್ಲ. ವಿತರಣೆಯವರು ಪರೀಕ್ಷಿಸಿ ಇಟ್ಟ ಭಂಡಾರದಿಂದ, ಫೋನಿನ ಪ್ಲೇ ಸ್ಟೋರಿನಂತೆಯೇ, ತೆಗೆದುಕೊಳ್ಳಬೇಕು. ಬರವಣಿಗೆಗೆ ಮಿಂಟ್‌ನಲ್ಲಿ ಲಿಬ್ರೆ ಆಫೀಸ್ ಇದ್ದೇ ಇರುತ್ತದೆ. ಪೈಥಾನ್ ಕೂಡ ಮೊದಲೇ ಬಂದಿರುತ್ತದೆ. ಗಣಿತಕ್ಕೆ ಜಿಯೋಜಿಬ್ರಾ, ಚಿತ್ರಕ್ಕೆ ಗಿಂಪ್. ನನ್ನ ಮೆಚ್ಚಿನದು ಸ್ಟೆಲೇರಿಯಂ, ಸುಮಾರು 12.4 ಡಿಗ್ರಿ ಉತ್ತರ, 77.2 ಡಿಗ್ರಿ ಪೂರ್ವ ಎಂದು ಕೊಟ್ಟರೆ ಹಲಗೂರಿನ ಆಕಾಶವನ್ನೇ ಪರದೆಯ ಮೇಲೆ ಬಿಡಿಸುತ್ತದೆ. ಆ ರಾತ್ರಿ ಮಾಳಿಗೆ ಹತ್ತಿ ಎರಡನ್ನೂ ಹೋಲಿಸಿ ನೋಡಿದೆವು. ಭಾವನೂ ಬಂದರು.

ಆ ಕಪ್ಪು ಪರದೆ? ಅದರ ಹೆಸರು ಟರ್ಮಿನಲ್. ಅದಿಲ್ಲದೆಯೂ ದಿನದ ಕೆಲಸ ನಡೆಯುತ್ತದೆ, ಆದರೆ ಹೆದರಿಕೆ ಬೇಡ. ಸಣ್ಣ ಎಲ್, ಸಣ್ಣ ಎಸ್ ಬರೆದು ಎಂಟರ್ ಒತ್ತಿದರೆ ಎದುರಿಗಿರುವ ಕಡತಗಳ ಪಟ್ಟಿ ಬರುತ್ತದೆ. ಸಿ, ಡಿ ಬರೆದು ಕೋಶದ ಹೆಸರು ಕೊಟ್ಟರೆ ಅದರೊಳಗೆ ಹೋಗುತ್ತೀರಿ. ಎಂ, ಎ, ಎನ್ ಬರೆದು ಯಾವುದಾದರೂ ಆದೇಶದ ಹೆಸರು ಕೊಟ್ಟರೆ ಅದರ ಕೈಪಿಡಿಯೇ ತೆರೆಯುತ್ತದೆ. ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರ ಇಲ್ಲಿ ಬೇರೆ ಬೇರೆ, ಅದನ್ನು ಮರೆತೇ ಹೆಚ್ಚಿನವರು ಎಡವುತ್ತಾರೆ. ಆರ್, ಎಂ ಎಂಬ ಆದೇಶದಿಂದ ಅಳಿಸಿದ್ದು ಕಸದ ಬುಟ್ಟಿಗೆ ಹೋಗುವುದಿಲ್ಲ, ಹೋದದ್ದು ಹೋದಂತೆಯೇ. ಸುಡೊ ಎಂಬ ಪದದಿಂದ ಶುರುವಾಗುವ ಆದೇಶಕ್ಕೆ ಇಡೀ ಗಣಕದ ಅಧಿಕಾರವಿರುತ್ತದೆ, ಗುಪ್ತಪದ ಕೇಳುತ್ತದೆ. ಯಾರೋ ಕಳಿಸಿದ ಅಂಥ ಸಾಲನ್ನು ಅರ್ಥವಾಗದೆ ಅಂಟಿಸಬೇಡಿ. ಅರ್ಥವಾಗದೆ ‘ಮುಂದೆ’ ಒತ್ತಿದವನ ಕಥೆ ಆಗಲೇ ಹೇಳಿದ್ದೇನೆ.

ಎಲ್ಲವೂ ಇದರಲ್ಲಿ ಆಗುತ್ತದೆಂದು ಹೇಳಿದರೆ ಸುಳ್ಳಾದೀತು. ಫೋಟೋಶಾಪ್, ಹಲವು ಆಟಗಳು, ಕೆಲವು ಆನ್‌ಲೈನ್ ಪರೀಕ್ಷೆಗಳ ತಂತ್ರಾಂಶ ಇದರಲ್ಲಿ ನಡೆಯುವುದಿಲ್ಲ. ಇವತ್ತು ಡಿಟಿಪಿ ಅಂಗಡಿಯವರು ಕೇಳಿದರೆ, ಇರುವ ವಿಂಡೋಸ್ ತೆಗೆಯಬೇಡಿ, ಪಕ್ಕದಲ್ಲಿ ಕೂರಿಸಿಕೊಳ್ಳಿ ಎಂದೇ ಹೇಳುತ್ತೇನೆ. ಆದರೆ ಓದು, ಬರಹ, ಲೆಕ್ಕ, ಪ್ರೋಗ್ರಾಮಿಂಗ್ ಕಲಿಯುವ ವಿದ್ಯಾರ್ಥಿಗೆ ಕೊರತೆ ಕಾಣದು. ಬೆಂಗಳೂರಿನ ಸುದರ್ಶನ ಬಡಾವಣೆಯ ಕೊಳೆಗೇರಿಯಲ್ಲಿ ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರು ಅಂಬೇಡ್ಕರ್ ಹೆಸರಿನ ಸಮುದಾಯ ಗಣಕ ಕೇಂದ್ರ ನಡೆಸಿದರು. ಕಂಪನಿಗಳು ಬಿಟ್ಟ ಹಳೆಯ ಗಣಕಗಳಿಗೆ ಲಿನಕ್ಸ್ ಹಾಕಿ ಮಕ್ಕಳಿಗೆ ಕೊಟ್ಟರು, ಅಲ್ಲಿನ ಹುಡುಗರು ಗಿಂಪ್‌ನಲ್ಲಿ ಚಿತ್ರ ಬರೆಯುವುದನ್ನು ಕಲಿತರು. ನಮ್ಮ ಸರ್ಕಾರಿ ಪ್ರೌಢಶಾಲೆಗಳ ಎಷ್ಟೋ ಶಿಕ್ಷಕರು 2011ರ ನಂತರದ ತರಬೇತಿಗಳಲ್ಲಿ ಉಬುಂಟು ಕಲಿತಿದ್ದಾರೆ. ನಿಮ್ಮ ಗಣಿತದ ಮೇಷ್ಟ್ರನ್ನೇ ಒಮ್ಮೆ ಕೇಳಿ ನೋಡಿ.

ಕಳೆದ ವಾರ ಅಕ್ಕನ ಮಗಳು ಕನ್ನಡದಲ್ಲೇ ಟೈಪು ಮಾಡಿ ಒಂದು ಪತ್ರ ಕಳಿಸಿದ್ದಳು. ಗಣಕ ಈಗ ಒಂದು ನಿಮಿಷದೊಳಗೆ ಏಳುತ್ತದಂತೆ. ಅಜ್ಜಿಯ ಫೋಟೋಗಳಿಗೆ ವರ್ಷವಾರು ಕೋಶ ಮಾಡಿಟ್ಟಿದ್ದಾಳೆ. ಗೆಳತಿಯೊಬ್ಬಳ ಲ್ಯಾಪ್‌ಟಾಪಿಗೂ ಅದೇ ಪೆನ್ ಡ್ರೈವಿನಿಂದ ಲೈವ್ ಆಗಿ ತೋರಿಸಿದ್ದಾಳೆ, ‘ಒರೆಸೋದು ಮಾತ್ರ ಮುಟ್ಟಿಲ್ಲ ಮಾವ’ ಎಂದು ಬರೆದಿದ್ದಾಳೆ. ಮುದ್ರಕ ಮಾತ್ರ ಇನ್ನೂ ಸರಿಹೋಗಿಲ್ಲ. ಪುಟದ ಅರ್ಧಕ್ಕೆ ನಿಲ್ಲುತ್ತದಂತೆ. ಅದರ ಮಾದರಿ ಸಂಖ್ಯೆ ಕಳಿಸು ಎಂದು ಬರೆದಿದ್ದೇನೆ, ಇನ್ನೂ ಬಂದಿಲ್ಲ.